ಬಲ್ಬಿನ ಮಿಡಿತ, ಶಟರಿನ ಲೆಕ್ಕ

ಬೆಳಗಿನ ಆರೂವರೆ. ಬಸವನಗುಡಿಯ ಒಂದು ದರ್ಶಿನಿ. ಸ್ಟೀಲ್ ಕೌಂಟರಿನ ಮೇಲೆ ಇಡ್ಲಿ ತಟ್ಟೆ, ಅದರಿಂದ ಏಳುವ ಹಬೆ, ಹಿಂದೆ ಬಿಳಿ ಟೈಲ್ಸ್ ಗೋಡೆ, ತಲೆಯ ಮೇಲೆ ಎಲ್‌ಇಡಿ ಪಟ್ಟಿಗಳು. ಕಿರುಚಿತ್ರಕ್ಕೆ ಹೇಳಿ ಮಾಡಿಸಿದಂಥ ಜಾಗ. ಕಣ್ಣಿಗೆ ಬೆಳಕು ನಿಶ್ಚಲವಾಗಿಯೇ ಇದೆ. ಕ್ಯಾಮೆರಾದಲ್ಲಿ ಮಾತ್ರ ಗೋಡೆಯ ಮೇಲೆ ಬೂದು ಪಟ್ಟಿಗಳು ಮೆಲ್ಲಗೆ ತೆವಳುತ್ತಿರುತ್ತವೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಎಷ್ಟೋ ಸಲ ಇದು ಗಮನಕ್ಕೇ ಬರುವುದಿಲ್ಲ. ಎಡಿಟಿಂಗಿಗೆ ಕೂತು ದೊಡ್ಡ ಮಾನಿಟರಿನಲ್ಲಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಅಷ್ಟರಲ್ಲಿ ಆ ಜಾಗ, ಆ ಬೆಳಗು, ಆ ನಟರು ಎಲ್ಲವೂ ಕೈತಪ್ಪಿರುತ್ತವೆ. ಈ ಮಿಡಿತದ ಗುರುತನ್ನು, ಅಂದರೆ ಫ್ಲಿಕರನ್ನು, ತೆಗೆಯುವ ಎಡಿಟಿಂಗ್ ಪ್ಲಗಿನ್‌ಗಳಿವೆ ನಿಜ, ಆದರೆ ಅಲುಗಾಡುವ ಮುಖದ ಮೇಲೆ ಹರಿದ ಪಟ್ಟಿಯನ್ನು ಗುರುತುಳಿಯದಂತೆ ಅಳಿಸುವುದು ಕಷ್ಟ.

ದುಬಾರಿ ಕ್ಯಾಮೆರಾ ತಂದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಮೂಲ ಇರುವುದು ಕರೆಂಟಿನಲ್ಲಿ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಪ್ರತಿ ಆವರ್ತನೆಯಲ್ಲಿ ಅದು ಎರಡು ಸಲ ಶಿಖರ ಮುಟ್ಟುತ್ತದೆ. ಹಾಗಾಗಿ ಅದರ ಏರಿಳಿತಕ್ಕೆ ತಕ್ಕಂತೆ ಉರಿಯುವ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಕಣ್ಣಿಗೆ ಅದು ಎಟುಕದು, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಎಟುಕುತ್ತದೆ.

ಸೆಕೆಂಡಿಗೆ 24 ಫ್ರೇಮಿನ ಚಿತ್ರೀಕರಣಕ್ಕೆ ಎಲ್ಲರೂ ಹೇಳಿಕೊಡುವುದು 180 ಡಿಗ್ರಿ ಶಟರ್, ಅಂದರೆ ಪ್ರತಿ ಫ್ರೇಮಿನ ಅರ್ಧ ಅವಧಿ ಬೆಳಕು ಹಿಡಿಯುವುದು, 1/48 ಸೆಕೆಂಡು. ಆ ಅವಧಿಯಲ್ಲಿ ಬಲ್ಬು 2.08 ಸಲ ಮಿಡಿಯುತ್ತದೆ. ತೊಂದರೆ ಕೊಡುವುದು ಆ 0.08. ಎರಡು ಪೂರ್ತಿ ಮಿಡಿತಗಳ ಜೊತೆಗೆ ಸೇರುವ ಈ ಚೂರು ಒಂದು ಫ್ರೇಮಿನಲ್ಲಿ ಶಿಖರದ ಮೇಲೆ ಬಿದ್ದರೆ ಇನ್ನೊಂದರಲ್ಲಿ ತಗ್ಗಿನಲ್ಲಿ ಬೀಳುತ್ತದೆ. ಆರು ಫ್ರೇಮಿಗೊಮ್ಮೆ ಇದೇ ಆಟ ಮರುಕಳಿಸುವುದರಿಂದ ಬೆಳಕು ಸೆಕೆಂಡಿಗೆ ನಾಲ್ಕು ಸಲ ಉಸಿರಾಡಿದಂತೆ ಕಾಣುತ್ತದೆ. 1/48ರಲ್ಲಿ ಇದು ಮಂದ, 1/60ರಲ್ಲಿ ಎದ್ದು ಕಾಣುತ್ತದೆ, 1/125ರಲ್ಲಿ ಶಾಟ್ ಕೆಟ್ಟಂತೆಯೇ. ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯದೆ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲಿಗೆ ಶಿಖರ, ಇನ್ನೊಂದಕ್ಕೆ ತಗ್ಗು ಸಿಕ್ಕಿ ಪಟ್ಟಿಗಳು ಹುಟ್ಟುವುದು ಹೀಗೆ.

ಮದ್ದು ಸುಲಭ. ಶಟರನ್ನು 1/50ಕ್ಕೆ ಇಡಿ. ಆಗ ಪ್ರತಿ ಸಾಲಿಗೂ, ಅದು ಯಾವ ಕ್ಷಣದಲ್ಲಿ ತೆರೆದರೂ, ಸರಿಯಾಗಿ ಎರಡು ಮಿಡಿತ ಸಿಗುತ್ತದೆ. ಕ್ಯಾಮೆರಾದಲ್ಲಿ ಡಿಗ್ರಿಯ ಲೆಕ್ಕವಿದ್ದರೆ 24 ಫ್ರೇಮಿಗೆ 172.8 ಡಿಗ್ರಿ, 25 ಫ್ರೇಮಿಗೆ 180 ಡಿಗ್ರಿ. ಮೊಬೈಲಿನಲ್ಲಿ 30 ಫ್ರೇಮಿಗೆ ತೆಗೆಯುವವರೂ 1/60 ಬಿಟ್ಟು 1/50 ಹಿಡಿಯಬೇಕು. 1/100 ಕೂಡ ಸುರಕ್ಷಿತ, ಅದರಲ್ಲಿ ಒಂದೇ ಪೂರ್ತಿ ಮಿಡಿತ. ಹಾಗಾಗಿ ಬಲ್ಬಿನ ಬೆಳಕಿನಲ್ಲಿ ಸ್ಲೋ ಮೋಷನ್ ಬೇಕೆಂದರೆ 50 ಫ್ರೇಮ್, 1/100 ಶಟರ್ ಇಟ್ಟುಕೊಳ್ಳಿ. 120 ಫ್ರೇಮಿನಲ್ಲಿ ಒಂದು ಫ್ರೇಮಿಗೆ 1/100 ಸೆಕೆಂಡೂ ಸಿಗುವುದಿಲ್ಲ. ಅಲ್ಲಿ ಮಿಡಿಯದ ದೀಪ ತರುವುದೊಂದೇ ದಾರಿ.

ಯಾವ ದೀಪ ಮಿಡಿಯುತ್ತದೆ ಎಂದು ತಿಳಿಯಲು ಲೊಕೇಶನ್ ನೋಡಲು ಹೋದ ದಿನವೇ ಮೊಬೈಲ್ ಸಾಕು. ಮ್ಯಾನ್ಯುಯಲ್ ಮೋಡಿನಲ್ಲಿ ಶಟರನ್ನು 1/2000ಕ್ಕೆ ಏರಿಸಿ, ಆ ದೀಪ ಬೀಳುವ ಬಿಳಿ ಗೋಡೆಯತ್ತ ಹಿಡಿಯಿರಿ. ದಪ್ಪ ಪಟ್ಟಿಗಳು ಕಂಡರೆ ದೀಪ ಮಿಡಿಯುತ್ತಿದೆ. ಗೋಡೆ ಒಂದೇ ಸಮ ಇದ್ದರೆ ದೀಪಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಚೆನ್ನಾಗಿದೆ, ಆ ದೀಪವನ್ನು ನಂಬಬಹುದು. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಏರಿಳಿತವನ್ನು ಸಮ ಮಾಡುವ ಕೆಪಾಸಿಟರ್ ಚಿಕ್ಕದಿರುತ್ತದೆ ಅಥವಾ ಇರುವುದೇ ಇಲ್ಲ. ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟ್ ಮಿಡಿಯುತ್ತದೆ. ಎಲೆಕ್ಟ್ರಾನಿಕ್ ಚೋಕಿನದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಯುವುದರಿಂದ ಕಾಟ ಕೊಡುವುದಿಲ್ಲ. ತಂತಿ ಕಾದು ಉರಿಯುವ ದೊಡ್ಡ ಟಂಗ್‌ಸ್ಟನ್ ದೀಪ ಎಲ್ಲಕ್ಕಿಂತ ಸಾಧು: ದಪ್ಪ ತಂತಿ 1/100 ಸೆಕೆಂಡಿನಲ್ಲಿ ತಣ್ಣಗಾಗಲು ಸಮಯವೇ ಇಲ್ಲ. ಎಸ್.ಪಿ. ರಸ್ತೆಯಲ್ಲಿ ದೀಪ ಕೊಳ್ಳುವಾಗ ಅಂಗಡಿಯಲ್ಲೇ ಉರಿಸಿ ಈ ಪರೀಕ್ಷೆ ಮಾಡಿ. ಡಿಮ್ಮರ್ ಇದ್ದರೆ ಪೂರ್ತಿ ಇಳಿಸಿಯೂ ನೋಡಿ. ಹೆಚ್ಚಿನವು ಎಡವುವುದು ಅಲ್ಲೇ: ಪೂರ್ತಿ ಉರಿದಾಗ ಸರಿ, ಹತ್ತು ಪರ್ಸೆಂಟಿಗೆ ಇಳಿಸಿದಾಗ ಪಟ್ಟಿ.

ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಎಲ್‌ಇಡಿ ಬೋರ್ಡು ಫ್ರೇಮಿನಲ್ಲಿದ್ದರೆ ಶಟರ್ ವೇಗ ಹೆಚ್ಚಿಸಲೇಬೇಡಿ. ಆ ಬೋರ್ಡಿನ ಸಾಲುಗಳು ಸರದಿಯ ಮೇಲೆ ಉರಿಯುತ್ತವೆ. 1/500ರಲ್ಲಿ ಅರ್ಧ ಅಕ್ಷರಗಳೇ ಮಾಯವಾಗಬಹುದು. ಇನ್ನು ಸಣ್ಣ ಜನರೇಟರ್. ಹೊರೆ ಬಿದ್ದಾಗ ಅದರ ವೇಗ ಕುಗ್ಗಿ ಆವರ್ತನ 47ಕ್ಕೆ ಇಳಿದರೆ 1/50ರಲ್ಲೂ 1.88 ಮಿಡಿತವಷ್ಟೇ ಸಿಕ್ಕಿ, ಹೋದ ಫ್ಲಿಕರ್ ವಾಪಸ್ಸು ಬರುತ್ತದೆ. ಅಂಥ ಕಡೆ ಮುಖಕ್ಕೆ ಬೀಳುವ ದೀಪವನ್ನಾದರೂ ಬ್ಯಾಟರಿಯ ಮೇಲೆ ಉರಿಸಬೇಕು.

ಹೀಗೆ ಶಟರ್ 1/50ಕ್ಕೆ ಕಟ್ಟುಬಿದ್ದ ಮೇಲೆ ಹಗಲಿನಲ್ಲಿ ಇನ್ನೊಂದು ಪೇಚು. ಮಧ್ಯಾಹ್ನದ ತಾರಸಿ. ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಬಳಸುವ ಲಾಗ್ ಮೋಡಿನಲ್ಲಿ ಕ್ಯಾಮೆರಾ 800 ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಕೇಳುತ್ತದೆ, ಹಿನ್ನೆಲೆ ಮಸುಕಾಗಲು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 2.8 ಬೇಕು. ಹಳೆಯ ಲೆಕ್ಕದ ಪ್ರಕಾರ ಚುರುಕು ಬಿಸಿಲಿಗೆ ಎಫ್ 16, 100 ಐಎಸ್‌ಒ, 1/100 ಶಟರ್. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಅಲ್ಲಿಂದ ನಮ್ಮಲ್ಲಿಗೆ ಬಂದರೆ ಐಎಸ್‌ಒನಿಂದ 3 ಸ್ಟಾಪ್, ಶಟರಿನಿಂದ 1, ಅಪರ್ಚರಿನಿಂದ 5, ಒಟ್ಟು 9 ಸ್ಟಾಪ್ ಹೆಚ್ಚು. ಅಂದರೆ 512 ಪಟ್ಟು ಬೆಳಕು! ಶಟರನ್ನು ಸಾವಿರಾರಕ್ಕೆ ಏರಿಸಿದರೆ ಬೆಳಕೇನೋ ಹಿಡಿತಕ್ಕೆ ಬರುತ್ತದೆ, ಆದರೆ ಬೀಸಿದ ಕೈ ಕತ್ತರಿಸಿ ಕತ್ತರಿಸಿ ಚಲಿಸುತ್ತದೆ, ಒಳಾಂಗಣದ ದೃಶ್ಯಕ್ಕೂ ಇದಕ್ಕೂ ಹೊಂದುವುದಿಲ್ಲ. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕೇ ಬೇಕು. ಅದರ ದಟ್ಟತೆಗೆ ಪ್ರತಿ ಸ್ಟಾಪಿಗೆ 0.3 ಅಂತ ಲೆಕ್ಕ, 9 ಸ್ಟಾಪಿಗೆ 2.7. 0.9 ಮತ್ತು 1.8ರ ಎರಡು ಗಾಜು ಸೇರಿಸಿದರೆ ಅಷ್ಟೇ ಆಯಿತು.

ತಿರುಗಿಸಿ ಹೊಂದಿಸುವ ವೇರಿಯಬಲ್ ಎನ್‌ಡಿ ಅನುಕೂಲ ಅನ್ನಿಸಿದರೂ ಅದರೊಳಗಿರುವುದು ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು. ಅಗಲ ಲೆನ್ಸಿಗೆ ಹಾಕಿ ಕೊನೆಯವರೆಗೆ ತಿರುಗಿಸಿದರೆ ಆಕಾಶದ ಮೇಲೆ ಅಡ್ಡತಿಡ್ಡ ಕಪ್ಪು ನೆರಳು ಬೀಳುತ್ತದೆ, ಚರ್ಮದ ಸಹಜ ಹೊಳಪೂ ಕುಂದಬಹುದು. ದಟ್ಟ ಎನ್‌ಡಿಯ ಮತ್ತೊಂದು ತಂಟೆ ಇನ್‌ಫ್ರಾರೆಡ್. ಅಗ್ಗದ ಗಾಜು ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ಡನ್ನು ಒಳಗೆ ಬಿಟ್ಟಾಗ ಕಪ್ಪು ಸಿಂಥೆಟಿಕ್ ಬಟ್ಟೆ ಕಂದು ಕೆಂಪಾಗುತ್ತದೆ. ನಟನ ಕಪ್ಪು ಅಂಗಿಯನ್ನು ಬಿಸಿಲಿಗೆ ಹಿಡಿದು, ಫಿಲ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಶೂಟ್ ಮಾಡಿ ನೋಡಿದರೆ ಗೊತ್ತಾಗಿಬಿಡುತ್ತದೆ. ಕೊಳ್ಳುವುದಾದರೆ 82 ಮಿ.ಮೀ. ಅಗಲದ ಫಿಲ್ಟರ್ ಕೊಳ್ಳಿ, ಚಿಕ್ಕ ಲೆನ್ಸಿಗೆ ಅದನ್ನು ಕೂರಿಸಲು ಸ್ಟೆಪ್‌ಅಪ್ ರಿಂಗ್ ಸಾಕು. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ವರ್ಷ ವರ್ಷ ಹಳತಾಗುತ್ತದೆ. ಒಳ್ಳೆಯ ಎನ್‌ಡಿ ಗಾಜು ಹಾಗಲ್ಲ, ಸ್ವಂತದ್ದಿರಲಿ ಎಂಬುದು ನಮ್ಮ ಗಟ್ಟಿ ಸಲಹೆ.

ಬೆಂಗಳೂರಿನ ಸೂರ್ಯನ ಬಗ್ಗೆಯೂ ಒಂದು ಮಾತು. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ನಿಂತು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮುಖಕ್ಕೆ ಮಾತ್ರ ನೆರಳಿರುತ್ತದೆ, ಕಣ್ಣಿನ ಗುಳಿಯಲ್ಲಿ. ಚಿಕ್ಕಪೇಟೆಯಲ್ಲಿ ತೆಳು ಬಿಳಿ ಬಟ್ಟೆ ತಂದು ಚೌಕಟ್ಟಿಗೆ ಬಿಗಿದು ನಟರ ತಲೆಯ ಮೇಲೆ ಹಿಡಿಸಿ, ಎದೆಮಟ್ಟದಲ್ಲಿ ಥರ್ಮೋಕೋಲ್ ಹಾಳೆಯಿಂದ ಬೆಳಕನ್ನು ಮೇಲಕ್ಕೆ ಚಿಮ್ಮಿಸಿದರೆ ಕಣ್ಣುಗಳು ಮತ್ತೆ ಜೀವ ತಾಳುತ್ತವೆ.

ಆ ಸುಡುಬಿಸಿಲನ್ನೇ ದೀಪವಾಗಿಸಿಕೊಳ್ಳಬಹುದು, ಅದೂ ಒಂದಿಷ್ಟೂ ಮಿಡಿಯದ ದೀಪ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋ ಕತ್ತಲನ್ನು ಸೀಳಿ ಬರುವ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ. ಹೊರಗಿನ ಕನ್ನಡಿ ಬಿಸಿಲನ್ನು ಒಳಗೆ ಕಳಿಸಿತು, ಎತ್ತರದಲ್ಲಿದ್ದ ಇನ್ನೊಂದು ಅದನ್ನು ಕೆಳಕ್ಕೆ ತಿರುಗಿಸಿತು. ಹಳೆಯ ಅಲ್ಮೆರಾದ ಕನ್ನಡಿಯಲ್ಲೂ ಇದು ಸಾಧ್ಯ. ಗಾಳಿಯಲ್ಲಿ ಕಣಗಳಿಲ್ಲದಿದ್ದರೆ ಕೋಲು ಕಾಣದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದಿಷ್ಟು ಸಾಂಬ್ರಾಣಿ ಹೊಗೆ ಹಾಕಿ, ಅದು ಹರಡಿ ತೆಳುವಾಗುವವರೆಗೆ ಕಾಯಿರಿ. ಸೂರ್ಯ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿ 20 ಅಡಿ ದೂರದಲ್ಲಿದ್ದರೆ ಅಷ್ಟರಲ್ಲಿ ಬೆಳಕಿನ ಮಚ್ಚೆ ನಾಲ್ಕು ಇಂಚು ಪಕ್ಕಕ್ಕೆ ಹೋಗಿರುತ್ತದೆ, ನಟಿಯ ಮುಖದಿಂದ ಕಿವಿಗೆ. ಪ್ರತಿ ಟೇಕಿಗೂ ಮುಂಚೆ ಅದನ್ನು ಸರಿಪಡಿಸಲು ಕನ್ನಡಿಯ ಹತ್ತಿರ ಒಬ್ಬರು ನಿಂತಿರಲೇಬೇಕು.