ಲೀ ಒಬ್ಬ, ಬೀಗ ಎರಡು: ವರ್ಜೀನಿಯಾದ ಪ್ರತಿಮೆ ತೀರ್ಪುಗಳ ಟಿಪ್ಪಣಿ

ಅಮೆರಿಕದ ವರ್ಜೀನಿಯಾ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ, ಐದು ತಿಂಗಳ ಅಂತರದಲ್ಲಿ, ರಾಬರ್ಟ್ ಇ. ಲೀ ಪ್ರತಿಮೆಗಳ ಬಗ್ಗೆ ಎರಡು ತೀರ್ಪು ಕೊಟ್ಟಿತು. ಏಪ್ರಿಲ್ 1ರದ್ದು ಷಾರ್ಲಟ್ಸ್‌ವಿಲ್ ಪ್ರತಿಮೆಯದು, ಸೆಪ್ಟೆಂಬರ್ 2ರದ್ದು ರಾಜಧಾನಿ ರಿಚ್ಮಂಡ್‌ನ ಪ್ರತಿಮೆಯದು. ಎರಡರಲ್ಲೂ ಫಲ ಒಂದೇ: ತೆಗೆಯಬಹುದು. ಬರೆದ ನ್ಯಾಯಮೂರ್ತಿಯೂ ಒಬ್ಬರೇ, ಎಸ್. ಬರ್ನಾರ್ಡ್ ಗುಡ್ವಿನ್. ಹೀಗಾಗಿ ಓದುವವರ ತಲೆಯಲ್ಲಿ ಎರಡೂ ಕಲಸಿಹೋಗಿ, ಒಂದರ ಕಾರಣವನ್ನು ಇನ್ನೊಂದಕ್ಕೆ ಬರೆದುಬಿಡುತ್ತಾರೆ. ಕಾರಣಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಈ ಟಿಪ್ಪಣಿಯ ಹೆಚ್ಚಿನ ಪಾಲು ಅದನ್ನೇ ಬಿಡಿಸುತ್ತದೆ.

ಹಿನ್ನೆಲೆ, ಬೇಕಾದಷ್ಟೇ

ಲೀ ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದಿಂದ ಬೇರ್ಪಟ್ಟ ದಕ್ಷಿಣ ರಾಜ್ಯಗಳ ಒಕ್ಕೂಟದ, ಅಂದರೆ ಕಾನ್ಫೆಡರೇಟ್, ಸೇನೆಯ ದಂಡನಾಯಕ. ಆ ಒಕ್ಕೂಟ ಯಾವುದಕ್ಕಾಗಿ ನಿಂತಿತ್ತು ಎಂಬುದಕ್ಕೆ ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ಭಾಷಣವೇ ಸಾಕು. ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ, ಹೊಸ ಸರ್ಕಾರದ ಮೂಲೆಗಲ್ಲು ಇದೇ ಎಂದು ಆತ ಹೇಳಿದ.

ಲೀಗೆ ಗುಲಾಮಗಿರಿಯ ಜೊತೆ ನೇರ ನಂಟಿರಲಿಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ತಪ್ಪು. 1857ರಲ್ಲಿ ಮಾವ ತೀರಿಕೊಂಡಾಗ ಉಯಿಲು ಜಾರಿಗೆ ತರುವ ಹೊಣೆ ಲೀ ಮೇಲೆ ಬಿತ್ತು. ಆರ್ಲಿಂಗ್ಟನ್ ಮತ್ತು ಇತರ ಎಸ್ಟೇಟುಗಳಲ್ಲಿದ್ದ ಸುಮಾರು 200 ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿತ್ತು. ಲೀ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದು 1862ರ ಡಿಸೆಂಬರ್ 29ರಂದು, ಗಡುವು ಮುಗಿದ ಮೇಲೆ. ನಡುವೆ, 1859ರಲ್ಲಿ, ವೆಸ್ಲಿ ನಾರಿಸ್ ಎಂಬಾತ ತಂಗಿ ಮತ್ತು ಇನ್ನೊಬ್ಬ ಬಂಧುವಿನ ಜೊತೆ ಓಡಿಹೋಗಿ ಸಿಕ್ಕಿಬಿದ್ದ. ಗಂಡಸರಿಬ್ಬರಿಗೂ ತಲಾ 50, ತಂಗಿಗೆ 20 ಚಾಟಿಯೇಟು ಹಾಕಿಸಿ, ಬಾಸುಂಡೆ ಎದ್ದ ಬೆನ್ನಿಗೆ ಉಪ್ಪುನೀರು ಸುರಿಸಿದರು ಎಂದು ನಾರಿಸ್ 1866ರಲ್ಲಿ ಪ್ರಕಟವಾದ ಹೇಳಿಕೆಯಲ್ಲಿ ಹೇಳಿದ್ದಾನೆ.

ಪ್ರತಿಮೆಗಳ ಇಸವಿ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಯುದ್ಧ ಮುಗಿದದ್ದು 1865, ಲೀ ಸತ್ತದ್ದು 1870, ರಿಚ್ಮಂಡ್ ಪ್ರತಿಮೆ 1890, ಷಾರ್ಲಟ್ಸ್‌ವಿಲ್‌ನದು 1924. ಅಂದರೆ ಪ್ರತಿಮೆ ನಮಗೆ ತಿಳಿಸುವುದು ಮುಖ್ಯವಾಗಿ ಅದನ್ನು ನಿಲ್ಲಿಸಿದವರ ಕಾಲವನ್ನು. ಕರಿಯರ ಮತದಾನವನ್ನು ಬಹುಮಟ್ಟಿಗೆ ಕಿತ್ತುಕೊಂಡ ವರ್ಜೀನಿಯಾದ ಸಂವಿಧಾನ ಬಂದದ್ದು 1902ರಲ್ಲಿ. ಸ್ಮಾರಕಗಳನ್ನು ತೆಗೆಯದಂತೆ ಕಾನೂನಿನ ಬೀಗ ಹಾಕಿದ್ದು ಅದಾದ ಎರಡೇ ವರ್ಷಕ್ಕೆ, 1904ರಲ್ಲಿ. ಪ್ರತಿಮೆ ತೆಗೆದರೆ ಇತಿಹಾಸವೇ ಅಳಿಸಿಹೋಗುತ್ತದೆ ಎಂಬ ವಾದಕ್ಕೆ ಉತ್ತರಿಸುವಾಗ ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ಮೊದಲ ಪ್ರಶ್ನೆ: ಪ್ರತಿಮೆ ಯಾರದು?

ಷಾರ್ಲಟ್ಸ್‌ವಿಲ್‌ನ ಲೀ ನಗರದ ಸ್ವತ್ತಾಗಿತ್ತು. ರಿಚ್ಮಂಡ್‌ನ ಲೀ, ಸುತ್ತಲಿನ ವೃತ್ತದ ಸಮೇತ, ರಾಜ್ಯದ ಸ್ವತ್ತಾಗಿತ್ತು. ಅದು ನಿಂತಿದ್ದ ಮಾನ್ಯುಮೆಂಟ್ ಅವೆನ್ಯೂ ರಸ್ತೆಯಲ್ಲೇ ಇದ್ದ ಕಾನ್ಫೆಡರೇಟ್ ಜನರಲ್ ಸ್ಟೋನ್‌ವಾಲ್ ಜಾಕ್ಸನ್ ಪ್ರತಿಮೆ ರಿಚ್ಮಂಡ್ ನಗರದ್ದು. ಅದಕ್ಕೇ 2020ರ ಜುಲೈ 1ರಂದು ಮೇಯರ್ ಲೆವಾರ್ ಸ್ಟೋನಿ ಜಾಕ್ಸನ್‌ನನ್ನು ಇಳಿಸಿದರೂ ಅದೇ ರಸ್ತೆಯ ಲೀಯನ್ನು ಮುಟ್ಟಲಾಗಲಿಲ್ಲ. ಪಾಲಿಕೆ ಜಾಗ, ಸರ್ಕಾರಿ ಜಾಗ ಎಂದು ನಾವು ಮಾಡುವ ಭೇದವೇ ಇದು.

ಇನ್ನೊಂದು ನಿಯಮವೂ ಬೇಕು. ವರ್ಜೀನಿಯಾದಲ್ಲಿ ಸ್ಥಳೀಯ ಸಂಸ್ಥೆಗೆ ರಾಜ್ಯದ ಶಾಸನಸಭೆ ಕೊಟ್ಟ ಅಧಿಕಾರವಷ್ಟೇ ಇರುತ್ತದೆ. ಇದಕ್ಕೆ ಡಿಲನ್ ನಿಯಮ ಎಂದು ಹೆಸರು. ಹಾಗಾಗಿ ನಗರದ ಪ್ರತಿಮೆಗೆ ಬೀಗ ಬೀಳುವುದು ರಾಜ್ಯದ ಕಾಯ್ದೆಯಿಂದ. ರಾಜ್ಯದ್ದೇ ಪ್ರತಿಮೆಯಾದರೆ ಬೀಗ ಇರುವುದು ಹಳೆಯ ದಾನಪತ್ರದಲ್ಲೋ ಕರಾರಿನಲ್ಲೋ. ಈ ಭೇದ ಮನಸ್ಸಿನಲ್ಲಿದ್ದರೆ ಎರಡೂ ತೀರ್ಪು ತಾವಾಗಿಯೇ ಬೇರ್ಪಡುತ್ತವೆ.

ಷಾರ್ಲಟ್ಸ್‌ವಿಲ್: ಎಲ್ಲರೂ ಎಡವುವ ಜಾಗ

ಘಟನೆಗಳ ಸಾಲು ಹೀಗೆ. 2016ರಲ್ಲಿ ಹೈಸ್ಕೂಲ್ ವಿದ್ಯಾರ್ಥಿನಿ ಜಾಯಾನಾ ಬ್ರಯಂಟ್ ಪ್ರತಿಮೆ ತೆಗೆಯಿರಿ ಎಂದು ಅರ್ಜಿ ಬರೆದಳು. 2017ರ ಫೆಬ್ರವರಿಯಲ್ಲಿ ನಗರಸಭೆ 3-2 ಮತಗಳಿಂದ ಒಪ್ಪಿತು. ಮಾರ್ಚ್‌ನಲ್ಲಿ ವಿರೋಧಿಗಳು ಕೋರ್ಟಿಗೆ ಹೋದರು, ಮೇ ತಿಂಗಳಲ್ಲಿ ತಡೆಯಾಜ್ಞೆ ಸಿಕ್ಕಿತು. ಆಗಸ್ಟ್ 12ರಂದು ಪ್ರತಿಮೆ ತೆಗೆಯುವುದನ್ನು ವಿರೋಧಿಸಿ ಬಿಳಿಯ ಜನಾಂಗವಾದಿಗಳು ನಡೆಸಿದ ಮೆರವಣಿಗೆಯ ದಿನ ಒಬ್ಬ ಜನರ ಮೇಲೆ ಕಾರು ನುಗ್ಗಿಸಿ ಹೆದರ್ ಹೇಯರ್ ಎಂಬ ಯುವತಿಯನ್ನು ಕೊಂದ. ಕೆಳಗಿನ ಕೋರ್ಟು, ಲೀ ಮತ್ತು ಅದೇ ನಗರದಲ್ಲಿದ್ದ ಇನ್ನೊಂದು ಜಾಕ್ಸನ್ ಪ್ರತಿಮೆ ಎರಡೂ ಯುದ್ಧ ಸ್ಮಾರಕಗಳು, ಅವಕ್ಕೆ ಕಾಯ್ದೆಯ ರಕ್ಷಣೆ ಇದೆ ಎಂದಿತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು.

ಯಾವ ಆಧಾರದ ಮೇಲೆ? ಹೆಚ್ಚಿನವರು ಬರೆಯುವ ಉತ್ತರ, "2020ರ ಹೊಸ ಕಾಯ್ದೆ ಅನುಮತಿ ಕೊಟ್ಟಿತ್ತು" ಎಂದು. ಅಲ್ಲ. ಹಳೆಯ ಕಾಯ್ದೆ ಈ ಪ್ರತಿಮೆಗಳಿಗೆ ಯಾವತ್ತೂ ಅನ್ವಯಿಸಿರಲೇ ಇಲ್ಲ ಎಂದು ಕೋರ್ಟ್ ಹೇಳಿತು. ನಾಲ್ಕು ವರ್ಷ ಎಲ್ಲರೂ ಬೀಗ ಬಿದ್ದಿದೆ ಎಂದುಕೊಂಡ ಬಾಗಿಲಿಗೆ ಬೀಗವೇ ಇರಲಿಲ್ಲ.

ಇದನ್ನು ಎರಡು ಮೆಟ್ಟಿಲಾಗಿ ಹತ್ತಬೇಕು.

ಮೊದಲ ಮೆಟ್ಟಿಲು: 1904ರ ಕಾಯ್ದೆ ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಘಟಕಗಳಿಗೆ) ಮಾತ್ರ. ಅದರೊಳಗೆ ನಗರವೂ ಬಂತಲ್ಲ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ವರ್ಜೀನಿಯಾದಲ್ಲಿ ನಗರವು ಕೌಂಟಿಯ ಭಾಗವಲ್ಲ, ಸ್ವತಂತ್ರ ಘಟಕ. ಮೈಸೂರು ನಗರ ಮೈಸೂರು ಜಿಲ್ಲೆಗೇ ಸೇರಿಲ್ಲ, ಜಿಲ್ಲೆ ಸುತ್ತ ಇದೆ, ನಡುವೆ ನಗರ ಬೇರೆಯೇ ಇದೆ ಎಂದು ಊಹಿಸಿಕೊಳ್ಳಿ. ಷಾರ್ಲಟ್ಸ್‌ವಿಲ್ ಮತ್ತು ಅದರ ಸುತ್ತಲಿನ ಆಲ್ಬಮಾರ್ಲ್ ಕೌಂಟಿಯ ಸಂಬಂಧ ಹೀಗಿದೆ. ಆದ್ದರಿಂದ 1921ರ ಜಾಕ್ಸನ್ ಆಗಲಿ, 1924ರ ಲೀ ಆಗಲಿ ನಿಂತಾಗ ಆ ಕಾಯ್ದೆಯ ಹೊರಗೇ ಇದ್ದರು.

ಎರಡನೇ ಮೆಟ್ಟಿಲು: 1997ರಲ್ಲಿ ಕಾಯ್ದೆಯನ್ನು ಮರುಜೋಡಿಸುವಾಗ ಕೌಂಟಿಯ ಜಾಗದಲ್ಲಿ ಎಲ್ಲ ಸ್ಥಳೀಯ ಸಂಸ್ಥೆಗಳೂ ಬಂದವು, ನಗರಗಳೂ ಸೇರಿದವು. ಹಾಗಾದರೆ ಹಳೆಯ ಪ್ರತಿಮೆಗಳಿಗೂ ರಕ್ಷಣೆ ಬಂತೇ? ಇಡೀ ಮೊಕದ್ದಮೆ ತಿರುಗಿದ್ದು ಇಲ್ಲಿ. ಆಗಿನ ಕಾಯ್ದೆಯ ತಾತ್ಪರ್ಯ ಹೀಗಿತ್ತು: ಸ್ಥಳೀಯ ಸಂಸ್ಥೆ ಯುದ್ಧ ಸ್ಮಾರಕ ನಿಲ್ಲಿಸಲು ಅನುಮತಿ ಕೊಡಬಹುದು, ಅಂಥವನ್ನು ನಿಲ್ಲಿಸಿದರೆ ಅವುಗಳಿಗೆ ಯಾರೂ ಕೈಹಾಕುವಂತಿಲ್ಲ.

"ನಿಲ್ಲಿಸಿದರೆ" ಎಂಬುದನ್ನು ಗಮನಿಸಿ. "ನಿಲ್ಲಿಸಿದ್ದರೆ" ಎಂದಿಲ್ಲ. ಕನ್ನಡದಲ್ಲಿ ಒಂದು ದಕಾರದ ಒತ್ತು ಮಾಡುವ ಕೆಲಸವನ್ನು ಅಲ್ಲಿ ಕ್ರಿಯಾಪದದ ರೂಪ ಮಾಡುತ್ತದೆ. "ನೀನು ಅರ್ಜಿ ಕೊಟ್ಟರೆ" ಎಂದರೆ ಇನ್ನು ಮುಂದೆ ಕೊಟ್ಟಾಗಿನ ಮಾತು; "ಕೊಟ್ಟಿದ್ದರೆ" ಎಂದರೆ ಈಗಾಗಲೇ ಆಗಿಹೋದದ್ದರ ಮಾತು. ಇನ್ನೊಂದು ಪದ "ಅಂಥವನ್ನು". ಎಂಥವನ್ನು? ಹಿಂದಿನ ವಾಕ್ಯದಲ್ಲಿ ಹೇಳಿದ ಅನುಮತಿಯಡಿ ನಿಲ್ಲಿಸಿದಂಥವನ್ನು. 1924ರ ಲೀ ಆ ಅನುಮತಿಯಡಿ ನಿಂತದ್ದಲ್ಲ. ಹೀಗೆ ಎರಡು ಪದಗಳೂ ಮುಂದಕ್ಕೇ ಕೈತೋರುತ್ತವೆ. ಶಾಸನಸಭೆ ಸ್ಪಷ್ಟವಾಗಿ ಹೇಳದ ಹೊರತು ಕಾಯ್ದೆಗೆ ಪೂರ್ವಾನ್ವಯ ಇಲ್ಲ ಎಂಬುದು ಸಾಮಾನ್ಯ ತತ್ತ್ವ, ಇಲ್ಲಿ ಅಂಥ ಸ್ಪಷ್ಟ ಮಾತಿಲ್ಲ ಎಂದು ಕೋರ್ಟ್ ತೀರ್ಮಾನಿಸಿತು.

ಈ ಓದು ಸರಿಯೆಂದು ಮನದಟ್ಟಾಗಲು ಇನ್ನೊಂದು ಸಂಗತಿ. ರಕ್ಷಣೆ ಹಳೆಯ ಸ್ಮಾರಕಗಳಿಗೂ ಅನ್ವಯಿಸುತ್ತದೆ ಎಂದು ಬಾಯಿಬಿಟ್ಟು ಹೇಳುವ ಮಸೂದೆಯೊಂದು 2016ರಲ್ಲಿ ಶಾಸನಸಭೆಯಲ್ಲಿ ಪಾಸಾಯಿತು, ಗವರ್ನರ್ ಟೆರಿ ಮೆಕಾಲಿಫ್ ಅದನ್ನು ತಡೆಹಿಡಿದರು. ಮೊದಲೇ ಅನ್ವಯಿಸುತ್ತಿದ್ದರೆ ಆ ಮಸೂದೆಯ ಅಗತ್ಯವೇನಿತ್ತು?

ಅರ್ಥವಾಯಿತೇ ಎಂದು ಪರೀಕ್ಷಿಸಿಕೊಳ್ಳಲು ಒಂದು ಪ್ರಶ್ನೆ. ಷಾರ್ಲಟ್ಸ್‌ವಿಲ್ ಪೇಟೆಯ ನಡುವೆಯೇ ಆಲ್ಬಮಾರ್ಲ್ ಕೌಂಟಿಯ ನ್ಯಾಯಾಲಯವಿದೆ. ಅದರ ಮುಂದೆ 1909ರಲ್ಲಿ ನಿಲ್ಲಿಸಿದ ಕಾನ್ಫೆಡರೇಟ್ ಸಿಪಾಯಿಯ ಪ್ರತಿಮೆಯಿತ್ತು. ಅದಕ್ಕೆ ಬೀಗ ಇತ್ತೇ? ಇತ್ತು. ಜಾಗ ಕೌಂಟಿಯದು, ಇಸವಿ 1904ರ ನಂತರದ್ದು. ಅದು ಹೊರಟದ್ದು 2020ರ ಸೆಪ್ಟೆಂಬರ್ 12ರಂದು, ಹೊಸ ಕಾಯ್ದೆ ಬಂದ ಮೇಲೆಯೇ. ಕೆಲವು ಹೆಜ್ಜೆ ದೂರದಲ್ಲಿದ್ದ ಲೀಗೆ ಇಲ್ಲದ ರಕ್ಷಣೆ ಈ ಸಿಪಾಯಿಗಿತ್ತು.

2020ರ ವಿಧಾನ, ಹಂತ ಹಂತವಾಗಿ

ಹೊಸ ಕಾಯ್ದೆ ಜಾರಿಯಾದದ್ದು 2020ರ ಜುಲೈ 1. ಸ್ಮಾರಕ ಯಾವ ಕಾಲದಲ್ಲಿ ನಿಲ್ಲಿಸಿದ್ದಾದರೂ ಸರಿ, ತೆಗೆಯಬಹುದು, ಬೇರೆಡೆ ಇಡಬಹುದು, ವಿವರಣೆ ಸೇರಿಸಬಹುದು, ಮುಚ್ಚಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. 1997ರಲ್ಲಿ ಬಿಟ್ಟುಹೋದ ಮಾತನ್ನು ಈ ಸಲ ಬಿಡಲಿಲ್ಲ.

ಕ್ರಮ ಇಷ್ಟು. ಉದ್ದೇಶವನ್ನು ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಪ್ರಕಟಣೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ಸಾರ್ವಜನಿಕ ವಿಚಾರಣೆ ನಡೆಸಬೇಕು. ಆಮೇಲೆ ಮತ. ತೆಗೆಯುವುದೆಂದಾದರೆ ವಸ್ತುಸಂಗ್ರಹಾಲಯ, ಇತಿಹಾಸ ಸಂಘ, ಬೇರೆ ಸರ್ಕಾರ ಅಥವಾ ಯುದ್ಧಭೂಮಿಗಳಿಗೆ "ಬೇಕಾದರೆ ಒಯ್ಯಿರಿ" ಎಂದು 30 ದಿನ ಆಹ್ವಾನ ತೆರೆದಿಡಬೇಕು. ಕೊನೆಯ ನಿರ್ಧಾರ ಸ್ಥಳೀಯ ಸಂಸ್ಥೆಯದೇ.

ತಪ್ಪಾಗುವುದು ಎರಡು 30ಗಳಲ್ಲಿ. ಒಂದು ಮತಕ್ಕೆ ಮುಂಚಿನದು, ಇನ್ನೊಂದು ಮತದ ನಂತರದ್ದು. ಎರಡೂ ಒಟ್ಟಿಗೆ ಓಡುವುದಿಲ್ಲ. ಷಾರ್ಲಟ್ಸ್‌ವಿಲ್ ನಗರಸಭೆ ಮತ ಹಾಕಿದ್ದು 2021ರ ಜೂನ್ 7, ಲೀಯನ್ನು ಇಳಿಸಿದ್ದು ಜುಲೈ 10. ನಡುವಿನ ದಿನ ಎಣಿಸಿದರೆ ಎರಡನೇ 30 ಕಣ್ಣಿಗೆ ಬೀಳುತ್ತದೆ. ಆ ಡಿಸೆಂಬರ್‌ನಲ್ಲಿ ಕಂಚನ್ನು ನಗರದ ಆಫ್ರಿಕನ್ ಅಮೆರಿಕನ್ ಪರಂಪರಾ ಕೇಂದ್ರವಾದ ಜೆಫರ್ಸನ್ ಸ್ಕೂಲ್‌ಗೆ ಕೊಟ್ಟರು. ಮತ್ತೆ ಮೊಕದ್ದಮೆ ನಡೆದು, ಅದೂ ಮುಗಿದು, 2023ರ ಅಕ್ಟೋಬರ್‌ನಲ್ಲಿ ಪ್ರತಿಮೆಯನ್ನು ತುಂಡರಿಸಿ ಕುಲುಮೆಯಲ್ಲಿ ಕರಗಿಸಿ ಗಟ್ಟಿಗಳಾಗಿ ಎರಕ ಹೊಯ್ದರು. ಆ ಲೋಹದಿಂದ ಹೊಸ ಕಲಾಕೃತಿ ಮಾಡಬೇಕೆಂಬುದು ಯೋಜನೆ.

ರಿಚ್ಮಂಡ್: ಎಂದೆಂದಿಗೂ ಎಂಬ ಷರತ್ತು

ಇಲ್ಲಿ 1904ರ ಕಾಯ್ದೆಯನ್ನು ಎಳೆದು ತರಬೇಡಿ. ಬೀಗ ಇದ್ದದ್ದು 1887 ಮತ್ತು 1890ರ ಪತ್ರಗಳಲ್ಲಿ. ಜಾಗ, ಪ್ರತಿಮೆ ಎರಡನ್ನೂ ರಾಜ್ಯಕ್ಕೆ ಒಪ್ಪಿಸುವಾಗ, ಇದನ್ನು ಎಂದೆಂದಿಗೂ ಸ್ಮಾರಕಕ್ಕೇ ಮೀಸಲಿಟ್ಟು ಪ್ರೀತಿಯಿಂದ ಕಾಯುತ್ತೇವೆ ಎಂದು ರಾಜ್ಯ ಮಾತು ಕೊಟ್ಟಿತ್ತು. ಗವರ್ನರ್ ರಾಲ್ಫ್ ನಾರ್ಥಮ್ 2020ರ ಜೂನ್ 4ರಂದು ತೆಗೆಯುತ್ತೇವೆ ಎಂದಾಗ, ಪತ್ರಕ್ಕೆ ಸಹಿ ಮಾಡಿದವರ ವಂಶಸ್ಥರೊಬ್ಬರೂ ಅಕ್ಕಪಕ್ಕದ ನಿವಾಸಿಗಳೂ ಕೋರ್ಟಿಗೆ ಹೋದರು. (ಅಮೆರಿಕದ ಗವರ್ನರ್ ಚುನಾಯಿತ ಆಡಳಿತಗಾರ, ನಮ್ಮ ಮುಖ್ಯಮಂತ್ರಿಯ ಹಾಗೆ, ರಾಜ್ಯಪಾಲ ಎಂದು ಅನುವಾದಿಸಿದರೆ ದಾರಿ ತಪ್ಪುತ್ತದೆ.)

ಕೋರ್ಟ್ ಹೇಳಿದ್ದು: ಸರ್ಕಾರ ತನ್ನ ಜಾಗದಲ್ಲಿ ನಿಲ್ಲಿಸಿದ ಸ್ಮಾರಕ ಸರ್ಕಾರದ್ದೇ ಮಾತು. ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಪ್ಲೆಸೆಂಟ್ ಗ್ರೋವ್ ಮೊಕದ್ದಮೆಯಲ್ಲಿ ಹಾಕಿಕೊಟ್ಟ ತತ್ತ್ವ ಅದು. ಒಂದು ಕಾಲದ ಸರ್ಕಾರ ಮುಂದಿನ ಎಲ್ಲ ಕಾಲದವರ ಬಾಯಲ್ಲೂ ಇದೇ ಮಾತು ಇರಲಿ ಎಂದು ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಅಂಥ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ, ಜಾರಿಗೆ ಯೋಗ್ಯವಲ್ಲ. ಎಲ್ಲ ದಾನಪತ್ರಗಳ ಎಲ್ಲ ಷರತ್ತುಗಳೂ ಬಿದ್ದುಹೋದವು ಎಂದು ಇದನ್ನು ಹಿಗ್ಗಿಸಬೇಡಿ. ತೀರ್ಪು ನಿಂತಿರುವುದು ಸರ್ಕಾರದ ಮಾತಿನ ಸ್ವಾತಂತ್ರ್ಯದ ಮೇಲೆ.

ಸೆಪ್ಟೆಂಬರ್ 8ರಂದು ಕ್ರೇನ್ ಬಂತು. ಪ್ರತಿಮೆ 21 ಅಡಿ, ತೂಕ ಸುಮಾರು 12 ಟನ್, ಕೆಳಗೆ 40 ಅಡಿ ಗ್ರಾನೈಟ್ ಪೀಠ. ಇಳಿಸಿದ ಮೇಲೆ ಲೀಯನ್ನು ಸೊಂಟದ ಬಳಿ ಕೊಯ್ದು ಎರಡು ಭಾಗ ಮಾಡಿ ಸಾಗಿಸಿದರು. 1890ರಲ್ಲಿ ಈ ಪ್ರತಿಮೆ ನಿಂತಾಗ ರಿಚ್ಮಂಡ್‌ನ ಕರಿಯ ಪತ್ರಿಕೆಯ ಸಂಪಾದಕ ಜಾನ್ ಮಿಚೆಲ್, ಇದನ್ನು ಕಟ್ಟಿದ್ದು ಕರಿಯನ ಕೈ, ಕಾಲ ಬಂದರೆ ಇಳಿಸುವುದಕ್ಕೂ ಅವನೇ ಇರುತ್ತಾನೆ ಎಂಬರ್ಥದಲ್ಲಿ ಬರೆದಿದ್ದರು. 131 ವರ್ಷದ ಮೇಲೆ ಗುತ್ತಿಗೆ ಹಿಡಿದು ಇಳಿಸಿದವರು ಡೆವನ್ ಹೆನ್ರಿ, ಕರಿಯ ಗುತ್ತಿಗೆದಾರ.

ಬೇರೆ ಕಡೆಗೆ ಈ ಪಾಠ ಹೊರಬೇಡಿ

ಅಲಬಾಮಾದಲ್ಲಿ 2017ರ ಕಾಯ್ದೆ 40 ವರ್ಷ ದಾಟಿದ ಸ್ಮಾರಕ ತೆಗೆಯುವುದನ್ನು ನಿಷೇಧಿಸುತ್ತದೆ. ಆದರೆ ದಂಡ ದಿನಕ್ಕಿಷ್ಟು ಎಂದಲ್ಲ, ಒಮ್ಮೆಗೆ 25,000 ಡಾಲರ್ ಎಂದು 2019ರಲ್ಲೇ ಅಲ್ಲಿನ ಕೋರ್ಟ್ ಹೇಳಿತ್ತು. ಬರ್ಮಿಂಗ್‌ಹ್ಯಾಮ್ ನಗರ 2020ರ ಜೂನ್‌ನಲ್ಲಿ ಸ್ಮಾರಕ ಇಳಿಸುವ ಮುನ್ನ ಈ ಲೆಕ್ಕ ಗೊತ್ತಿತ್ತು.

ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್ ಪ್ರತಿಮೆಯನ್ನು ಜನರೇ ಬೀಳಿಸಿದ್ದರಿಂದ ಅದು ಕ್ರಿಮಿನಲ್ ಮೊಕದ್ದಮೆಯಾಯಿತು. 2022ರ ಜನವರಿಯಲ್ಲಿ ಜ್ಯೂರಿ ನಾಲ್ವರನ್ನು ಬಿಡುಗಡೆ ಮಾಡಿತು. ಜ್ಯೂರಿ ಕಾರಣ ಹೇಳುವುದಿಲ್ಲ, ಆದ್ದರಿಂದ ಅದು ಪೂರ್ವನಿದರ್ಶನವಲ್ಲ.

ಒಂದು ಅಂಚಿನ ಪ್ರಕರಣ

ವರ್ಜೀನಿಯಾದ 2020ರ ಕಾಯ್ದೆ ಸಾರ್ವಜನಿಕ ಸ್ಮಶಾನದಲ್ಲಿರುವ ಸ್ಮಾರಕಗಳನ್ನು ಹೊರಗಿಡುತ್ತದೆ. ರಿಚ್ಮಂಡ್‌ನ ಎರಡು ರಸ್ತೆಗಳು ಕೂಡುವಲ್ಲಿ ಜನರಲ್ ಎ. ಪಿ. ಹಿಲ್ ಪ್ರತಿಮೆಯಿತ್ತು, ಆತನ ಅಸ್ಥಿಗಳೂ ಅದರ ಪೀಠದಡಿಯಲ್ಲೇ ಇದ್ದವು. ಸಮಾಧಿ ಇರುವ ಜಾಗ ಸ್ಮಶಾನವೇ ಅಲ್ಲವೇ ಎಂದು ಬಂಧುಗಳು ವಾದಿಸಿದರು. ಒಂದು ಗೋರಿಯಿದ್ದ ಮಾತ್ರಕ್ಕೆ ವಾಹನ ಓಡಾಡುವ ಚೌಕ ಸಾರ್ವಜನಿಕ ಸ್ಮಶಾನವಾಗದು ಎಂದು 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ನಗರದ ಪರ ನಿಂತಿತು. ಡಿಸೆಂಬರ್ 12ರಂದು ಹಿಲ್ ಇಳಿದ. ಅಸ್ಥಿಗಳು ಕಲ್ಪೆಪರ್ ಊರಿನ ಸ್ಮಶಾನಕ್ಕೆ ಹೋದವು.