ಐಸ್ ಕರಗದೆ ಹುಳಿ ಕಾಕ್‌ಟೇಲ್ ಹದವಾಗದು

ಕೊಡಗಿನ ಹೋಂಸ್ಟೇಗಳಲ್ಲಿ ಪಾನೀಯ ತಯಾರಿಕೆಯ ತರಬೇತಿ ನೀಡುವ ನನಗೆ ಮತ್ತೆ ಮತ್ತೆ ಎದುರಾಗುವ ದೂರೊಂದಿದೆ: ಹಣ್ಣು ತೋಟದ್ದು, ನಿಂಬೆ ತಾಜಾ, ಮದ್ಯವೂ ಒಳ್ಳೆಯದೇ, ಆದರೂ ಮನೆಯಲ್ಲಿ ಮಾಡಿದ ಹುಳಿ ಕಾಕ್‌ಟೇಲ್ ಗಂಟಲು ಕೆರೆಯುತ್ತದೆ. ಅವರು ಶೇಕ್ ಮಾಡುವುದನ್ನು ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ನೀರಾಗಿಬಿಡುತ್ತದೆ ಎಂಬ ಭಯದಿಂದ ಎರಡೇ ತುಂಡು ಐಸ್ ಹಾಕಿ, ಮೆಲ್ಲನೆ ಅಲುಗಿಸಿ, ಕೂಡಲೇ ಲೋಟಕ್ಕೆ ಸುರಿಯುತ್ತಾರೆ. ಖಾರವೆನಿಸಿದಾಗ ಸಕ್ಕರೆ ಪಾಕ, ಸಿಹಿ ಹೆಚ್ಚಿದಾಗ ಮತ್ತಷ್ಟು ನಿಂಬೆ. ಕೊನೆಗೆ ಹಣ್ಣಿನ ರುಚಿಯೇ ಅಡಗಿಹೋಗುತ್ತದೆ.

ಕರಗಿದ ಐಸಿನ ನೀರು ಈ ಪಾನೀಯದ ದೋಷವಲ್ಲ, ಅದರ ಸಾಮಗ್ರಿಗಳಲ್ಲಿ ಒಂದು. 60 ಮಿಲಿ ಬಿಳಿ ರಮ್, 30 ಮಿಲಿ ಸೋಸಿದ ಪ್ಯಾಷನ್ ಫ್ರೂಟ್ ತಿರುಳು, 20 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಪಾಕ ಸೇರಿದರೆ 130 ಮಿಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ರಮ್‌ನ ಮದ್ಯಾಂಶ ಶೇ 42.8 ಆಗಿರುವುದರಿಂದ ಈ ಮಿಶ್ರಣದಲ್ಲಿ ಅದು ಶೇ 20ರಷ್ಟಿರುತ್ತದೆ. ಚೆನ್ನಾಗಿ ಶೇಕ್ ಮಾಡಿದ ಬಳಿಕ ಶೇ 15ರ ಆಸುಪಾಸಿಗೆ ಇಳಿಯುತ್ತದೆ. ನಾಲಿಗೆ ಮೃದುವೆನ್ನುವುದು ಈ ಇಳಿಕೆಯನ್ನೇ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು, ಆ ಶಾಖವನ್ನು ಅದು ಪಾನೀಯದಿಂದಲೇ ಹೀರುತ್ತದೆ. ಆದ್ದರಿಂದ ಕರಗದ ಐಸಿನಿಂದ ತಂಪನ್ನು ನಿರೀಕ್ಷಿಸುವುದು ವ್ಯರ್ಥ. ಜೋರಾಗಿ ಕುಲುಕಿದಾಗ ಒಳಸೇರುವ ಸಣ್ಣ ಗಾಳಿಗುಳ್ಳೆಗಳು ನೊರೆಯ ನುಣುಪು ಕೊಡುತ್ತವೆ, ಅದು ಯಾವ ಪಾಕದಿಂದಲೂ ಬಾರದು.

ಐಸಿನ ಮೇಲಿನ ಅಪನಂಬಿಕೆಗೆ ಇಲ್ಲಿನ ಮಳೆಗಾಲವೂ ಕಾರಣವಿರಬಹುದು. ಕರೆಂಟ್ ಹೋಗಿ ಬಂದ ಫ್ರಿಜ್ಜಿನ ಅರೆಕರಗಿದ ಐಸ್ ತನ್ನ ಮೈಮೇಲಿನ ನೀರನ್ನು ಮೊದಲೇ ಸೇರಿಸುತ್ತದೆ, ಆ ನೀರಿನಿಂದ ಹೆಚ್ಚು ತಂಪು ಮಾತ್ರ ಸಿಗುವುದಿಲ್ಲ. ಫ್ರೀಜರಿನಿಂದ ಆಗಷ್ಟೇ ತೆಗೆದ, ಒಣಗಿರುವ ಐಸನ್ನು ಪಾತ್ರೆಯ ಮುಕ್ಕಾಲು ಭಾಗ ತುಂಬಿ, 12ರಿಂದ 15 ಸೆಕೆಂಡು ಬಲವಾಗಿ ಕುಲುಕಬೇಕು. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು, ಗಾಜಿನ ಬಾಟಲಿ ಬೇಡ.

ಸಿದ್ದಾಪುರದ ಬಳಿಯ ತೋಟದ ಮನೆಯೊಂದರ ಹಿರಿಯ ಗೃಹಿಣಿ ನನ್ನ ಮಾತನ್ನು ಒಪ್ಪಲೇ ಇಲ್ಲ. ಮನೆಗೆ ಬಂದವರಿಗೆ ನೀರು ಬೆರೆಸಿದ್ದನ್ನು ಕೊಟ್ಟರೆ ಮನೆತನದ ಮರ್ಯಾದೆ ಏನಾಗಬೇಕು ಎಂಬುದು ಅವರ ಪ್ರಶ್ನೆ. ಅತಿಥಿಯ ವಿಷಯದಲ್ಲಿ ಕೈ ಬಿಗಿಹಿಡಿಯದ ಆ ಮನಸ್ಸನ್ನು ನಾನು ಗೌರವಿಸುತ್ತೇನೆ, ಆದ್ದರಿಂದ ವಾದಿಸದೆ ಒಂದೇ ಅಳತೆಯ ಎರಡು ಲೋಟ ಮಾಡಿ, ಒಂದನ್ನು ಅವರ ರೀತಿಯಲ್ಲೂ ಇನ್ನೊಂದನ್ನು ತುಂಬು ಐಸಿನಲ್ಲೂ ಶೇಕ್ ಮಾಡಿ ಕೊಟ್ಟೆ. ಎರಡನೆಯದರಲ್ಲಿ ಹಣ್ಣು ಹೆಚ್ಚು ಹಾಕಿದ್ದೀರಿ ಎಂದು ಅವರು ಆಕ್ಷೇಪಿಸಿದರು! ರಮ್‌ನ ಉರಿ ತಗ್ಗಿದಾಗ ಹಣ್ಣಿನ ಪರಿಮಳ ಮೇಲೇಳುತ್ತದೆ ಎಂದು ವಿವರಿಸಲು ಆ ಬಳಿಕ ಹೆಚ್ಚು ಮಾತು ಬೇಕಾಗಲಿಲ್ಲ.

ನಿಂಬೆಯ ಬದಲು ಕಾಚಂಪುಳಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಕುದಿಸಿ ಗಟ್ಟಿ ಮಾಡಿದ ಆ ಹುಳಿ ಪಂದಿ ಕರಿಗೇ ಸರಿ. ಇಲ್ಲಿ ಒಂದೆರಡು ಹನಿಗಿಂತ ಹೆಚ್ಚಾದರೆ ಹಣ್ಣನ್ನು ನುಂಗಿಬಿಡುತ್ತದೆ. ನೊರೆಗಾಗಿ ಮೊಟ್ಟೆಯ ಬಿಳಿ ಬಳಸುವವರು ಮೊದಲು ಐಸಿಲ್ಲದೆ, ಅನಂತರ ಐಸಿನೊಡನೆ ಕುಲುಕಲಿ. ಆದರೆ ಹಸಿ ಮೊಟ್ಟೆಯಿಂದ ಸೋಂಕಿನ ಸಾಧ್ಯತೆ ಇರುವುದರಿಂದ ವೃದ್ಧರಿಗೂ ಆರೋಗ್ಯ ಸರಿಯಿಲ್ಲದವರಿಗೂ ಅದು ಬೇಡವೆನ್ನುತ್ತೇನೆ. ಕಡಲೆ ಬೇಯಿಸಿದ ನೀರು ಆ ಕೆಲಸವನ್ನು ಸಾಕಷ್ಟು ಮಟ್ಟಿಗೆ ಮಾಡುತ್ತದೆ. ಎಷ್ಟೇ ಮೃದುವಾಗಿದ್ದರೂ ಲೋಟದಲ್ಲಿರುವುದು ಪೂರ್ತಿ 60 ಮಿಲಿ ಮದ್ಯ; ಕುಡಿದವರು ಸಂಪಾಜೆ ಘಾಟಿಯಲ್ಲಿ ಗಾಡಿ ಇಳಿಸಬಾರದು.

ಕೊಡಗಿನ ಕಿತ್ತಳೆ ಸಿಗುವ ದಿನಗಳಲ್ಲಿ ಪ್ಯಾಷನ್ ಫ್ರೂಟ್ ಜಾಗದಲ್ಲಿ ಅಷ್ಟೇ ಕಿತ್ತಳೆ ರಸ ಹಾಕಿ, ಪಾಕವನ್ನು 15 ಮಿಲಿಗೆ ಇಳಿಸಬಹುದು. ಕಿತ್ತಳೆಯ ಹುಳಿ ನಿಂಬೆಯ ಮುಂದೆ ತೀರಾ ಕಡಿಮೆ, ಹಾಗಾಗಿ ನಿಂಬೆರಸವನ್ನು ಮಾತ್ರ ತಗ್ಗಿಸಬೇಡಿ.