ಖಗೋಳ ಬಳಗದ ಹಳೇ ವೆಬ್‌ಸೈಟ್: ರಿಪೇರಿಯೋ, ಹೊಸದೋ?

ಓದುಗರ ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಖಗೋಳ ಆಸಕ್ತರ ಬಳಗ ಇದೆ. 2009ರಲ್ಲಿ ಮಾಡಿಸಿದ ವೆಬ್‌ಸೈಟ್ ಈಗ ಮೊಬೈಲಿನಲ್ಲಿ ನೆಟ್ಟಗೆ ತೆರೆಯುವುದಿಲ್ಲ. ಕನ್ನಡ ಅಕ್ಷರವಂತೂ ಕಾಣುವುದೇ ಇಲ್ಲ. ಇದನ್ನೇ ರಿಪೇರಿ ಮಾಡಿಸೋದಾ, ಪೂರ್ತಿ ಹೊಸದು ಮಾಡಿಸೋದಾ?

ಉತ್ತರ: ಹೊಸದೇ ಮಾಡಿಸಿ. ಆದರೆ ಎರಡನ್ನು ಮಾತ್ರ ಕೈಬಿಡಬೇಡಿ: ಹಳೆಯ ವಿಳಾಸ ಮತ್ತು ಹಳೆಯ ಬರಹ.

2009 ಅಂದರೆ ಅಂತರರಾಷ್ಟ್ರೀಯ ಖಗೋಳ ವರ್ಷ. ಜುಲೈ 22ರ ಸೂರ್ಯಗ್ರಹಣವೂ ಅದೇ ವರ್ಷ. ಆ ಹುಮ್ಮಸ್ಸಿನಲ್ಲಿ ಮಾಡಿಸಿದ ಸೈಟು ಹೇಗಿರುತ್ತದೆ ಅಂತ ಊಹಿಸಬಹುದು. ಕಪ್ಪು ಹಿನ್ನೆಲೆ, ಮಿನುಗುವ ನಕ್ಷತ್ರ, ಓಡುವ ಅಕ್ಷರ, ಕೆಳಗೊಂದು ಎಷ್ಟು ಜನ ಬಂದರು ಅನ್ನುವ ಮೀಟರ್. ಮಿನುಗುವುದೆಲ್ಲ ಚಲಿಸುವ ಚಿತ್ರ ತೋರಿಸುವ ಹಳೆಯ ತಂತ್ರಾಂಶ ಫ್ಲ್ಯಾಶ್‌ನಲ್ಲಿ ಮಾಡಿದ್ದರೆ ರಿಪೇರಿಯ ಮಾತೇ ಇಲ್ಲ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿಬಿಟ್ಟಿತು.

ಈಗ ಕನ್ನಡ ಅಕ್ಷರದ ವಿಷಯ. ಆಗಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಎಷ್ಟೋ ಬರಹ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಗೊತ್ತಾಗುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಅಂದರೆ ಇಷ್ಟು ವರ್ಷ ನೀವು ಬರೆದದ್ದು ಹುಡುಕಿದವರಿಗೆ ಸಿಕ್ಕೇ ಇಲ್ಲ.

ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆಮೇಲೆ ಒಬ್ಬರು ಕೂತು ಸಾಲು ಸಾಲಾಗಿ ಓದಲೇಬೇಕು. ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದು ಮಾಮೂಲು. ಸೂರ್ಯ, ವರ್ಷ, ಉತ್ತರಾರ್ಧಗೋಳ ಇಲ್ಲದೆ ಖಗೋಳದ ಲೇಖನ ಎಲ್ಲಿದೆ ಹೇಳಿ! ನಡುವೆ ಇಂಗ್ಲಿಷಿನಲ್ಲಿ ಬರೆದ ನಕ್ಷತ್ರಗಳ ಹೆಸರೂ ಕಲಸುಮೇಲೋಗರ ಆಗಿರುತ್ತವೆ. ಕೆಲವು ಪುಟ ಕಳೆದೇ ಹೋಗಿದ್ದರೆ, ಹಳೆಯ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷಿನ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಹಳೆಯ ಪ್ರತಿ ಸಿಕ್ಕರೂ ಸಿಗಬಹುದು.

ಇನ್ನು ವಿಳಾಸ, ಅಂದರೆ ಡೊಮೇನ್. ಅದು ಯಾರ ಹೆಸರಿನಲ್ಲಿದೆ? ಎಷ್ಟೋ ಕಡೆ ಸೈಟು ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲಿನಲ್ಲಿರುತ್ತದೆ. ಅವನೀಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ. ಡಿಸೈನರ್‌ಗೆ ಮುಂಗಡ ಕೊಡುವ ಮೊದಲು ಅವನಿಗೊಂದು ಫೋನ್ ಮಾಡಿ. ಡೊಮೇನನ್ನು ಬಳಗದ ಇಮೇಲಿಗೆ ಬದಲಿಸಿಕೊಳ್ಳಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ವಿಳಾಸದಲ್ಲಿ ಗುಲ್ಬರ್ಗಾ ಅಂತಿದ್ದರೆ ನಾಚಿಕೆ ಬೇಡ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಆ ಹೆಸರಿನಲ್ಲಿ ಹುಡುಕುವವರು ಇನ್ನೂ ಇದ್ದಾರೆ. ಹೊಸ ಡೊಮೇನ್ ತಗೊಂಡರೂ ಹಳೆಯದರಿಂದ ಅದಕ್ಕೆ ದಾರಿ ಮಾಡಿಕೊಡಿ.

ಮೊದಲ ಪುಟದಲ್ಲಿ ಏನಿರಬೇಕು? ಮುಂದಿನ ಆಕಾಶ ವೀಕ್ಷಣೆ ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ, ಯಾರಿಗೆ ಫೋನ್ ಮಾಡಬೇಕು, ಮೋಡ ಬಂದರೆ ಏನು. ಇಷ್ಟು ಸಾಕು. ಅಧ್ಯಕ್ಷರ ಸಂದೇಶ, ಸನ್ಮಾನದ ಫೋಟೋ ಎಲ್ಲ ಒಳಗಿನ ಪುಟಕ್ಕೆ ಹೋಗಲಿ. ಅಮಾವಾಸ್ಯೆಗೆ ಹತ್ತಿರದ ಶನಿವಾರ ಅಂತ ನಿಯಮ ಇಟ್ಟುಕೊಂಡರೆ ಇಡೀ ವರ್ಷದ ಪಟ್ಟಿ ಒಂದೇ ಸಲ ಹಾಕಬಹುದು.

ನನ್ನ ಪ್ರಕಾರ ನಿಮ್ಮ ಸೈಟಿನ ನಿಜವಾದ ಬೆಲೆ ಇರುವುದು ಕಲಬುರಗಿಯ ಆಕಾಶದಲ್ಲಿ. ಶನಿಗೆ ಎಷ್ಟು ಉಂಗುರ, ಗುರುವಿಗೆ ಎಷ್ಟು ಚಂದ್ರ ಅನ್ನುವುದು ಬೇರೆಲ್ಲ ಕಡೆ ಸಿಗುತ್ತದೆ. ಶೂನ್ಯ ನೆರಳಿನ ದಿನ ತಗೊಳ್ಳಿ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣದ ದಿನ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ನಮ್ಮ ಮೇಷ್ಟ್ರುಗಳು ಅದೇ ತಾರೀಖು ನೋಡಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದರೆ ಸುಮ್ನೆ ತಲೆ ಕಾಯುತ್ತದೆ ಅಷ್ಟೇ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಇಲ್ಲಿ ಮೇ 9 ಮತ್ತು ಆಗಸ್ಟ್ 4ರ ಆಸುಪಾಸು ಸೂರ್ಯ ನೆತ್ತಿಗೆ ಬರುತ್ತಾನೆ. ಮೇ ತಿಂಗಳಲ್ಲಿ ಯಾದಗಿರಿಗೆ ಎರಡು ದಿನ ಮೊದಲು, ಬೀದರಿಗೆ ಎರಡು ದಿನ ಆಮೇಲೆ. ಹೊತ್ತು ಕೂಡ ಸರಿಯಾಗಿ ಹನ್ನೆರಡಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ. ಮೇನಲ್ಲಿ ಸುಮಾರು 12:20, ಆಗಸ್ಟಿನಲ್ಲಿ 12:30ರ ಹತ್ತಿರ. ಇಂಥ ಪುಟ ಇದ್ದರೆ ಮೂರು ಜಿಲ್ಲೆಯ ಶಾಲೆಗಳೂ ಪ್ರತಿ ವರ್ಷ ಬಂದು ನೋಡುತ್ತವೆ.

ಹಾಗೇ ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಬರೀ 17 ಡಿಗ್ರಿ ಎತ್ತರ. ಏಪ್ರಿಲ್, ಮೇ ರಾತ್ರಿಗಳಲ್ಲಿ ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ಕೆಳಗೆ ಕಾಣುತ್ತದೆ. ಯೂರೋಪಿನವರ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ, ಅಲ್ವಾ?

ಬಣ್ಣದ ಬಗ್ಗೆ ಒಂದು ಮಾತು. ಪುಟ ಬಿಳಿ, ಅಕ್ಷರ ಕಪ್ಪು ಇರಲಿ. ನಮ್ಮೂರ ಬಿಸಿಲಲ್ಲಿ ಕಪ್ಪು ಪುಟ ಓದಲು ಆಗುವುದಿಲ್ಲ. ವೀಕ್ಷಣೆಯ ರಾತ್ರಿ ನೋಡುವ ಪಟ್ಟಿಯ ಪುಟ ಮಾತ್ರ ಕಪ್ಪಾಗಿದ್ದು, ಅಕ್ಷರ ಮಂದ ಕೆಂಪಾಗಿರಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಒಂದು ಬಿಳಿ ಪರದೆ ಅದನ್ನೆಲ್ಲ ಕ್ಷಣದಲ್ಲಿ ಕೆಡಿಸುತ್ತದೆ.

ಯಾವುದರಲ್ಲಿ ಮಾಡಿಸುವುದು? ಅಪ್‌ಡೇಟ್ ನೋಡಿಕೊಳ್ಳುವವರು ಒಬ್ಬರಿದ್ದರೆ ವರ್ಡ್‌ಪ್ರೆಸ್. ಇಲ್ಲದಿದ್ದರೆ ಗೂಗಲ್ ಸೈಟ್ಸ್. ಅದು ಉಚಿತ, ನಿಮ್ಮ ಡೊಮೇನನ್ನೂ ಅದಕ್ಕೆ ಜೋಡಿಸಬಹುದು. ನೋಡಿಕೊಳ್ಳುವವರಿಲ್ಲದ ವರ್ಡ್‌ಪ್ರೆಸ್‌ಗೆ ಹ್ಯಾಕರುಗಳ ಕಾಟ ಜಾಸ್ತಿ. ಫೋಟೋಗಳನ್ನು 200-300 ಕೆಬಿಗೆ ಇಳಿಸಿ ಹಾಕಿ.

ಈ ಕೆಲಸವನ್ನೆಲ್ಲ ಜೂನ್‌ನಲ್ಲಿ ಶುರು ಮಾಡಿ. ಸೆಪ್ಟೆಂಬರ್‌ವರೆಗೆ ಮೋಡ ಇರುವುದರಿಂದ ಹೇಗೂ ದೂರದರ್ಶಕ ಪೆಟ್ಟಿಗೆಯಲ್ಲೇ ಇರುತ್ತದೆ. ಅಕ್ಟೋಬರ್‌ನ ಮೊದಲ ವೀಕ್ಷಣೆಯ ತಾರೀಖು ಹೊಸ ಸೈಟಿನಲ್ಲೇ ಬರಲಿ.